ಬಾಗಿಲಾಚೆ ನಿಂತ ಕಾಗದಗಳು

ಹೂಟಗಳ್ಳಿ
23 ಆಗಸ್ಟ್ 2003, ಶನಿವಾರ

ಅಣ್ಣನಿಗೆ ಮಂಗಳಾ ಮಾಡುವ ಶರಣು.

ನೀನು ನನ್ನ ತಲೆಗೆ ಕಟ್ಟಿ ಹೋದ ಸಂಸಾರ ನಡುನೀರಿನಲ್ಲಿದೆ. ಸಂಸಾರ ಅಂದರೆ ಅವ್ವನೂ ನಾನೂ ಅಲ್ಲ, ನಾವು ಸಿದ್ಧಾರ್ಥನಗರದ ಮನೆಯಲ್ಲಿ ಹೊತ್ತು ಹೊತ್ತಿಗೆ ಉಂಡು ಚೆನ್ನಾಗಿದ್ದೇವೆ. ಹೇಳುತ್ತಿರುವುದು ಫ್ಯಾಕ್ಟರಿಯ ಮೇಲ್ ಸರ್ವರ್ ಕಥೆ. ಕಂಪ್ಯೂಟರ್ ರೂಮಿನ ತಣ್ಣನೆ ಗಾಳಿ ಸಾಕಾಯಿತು, ಬಾಯ್ಲರ್ ಬಿಸಿಯೇ ವಾಸಿ ಎಂದು ನೀನು ಸರ್ವಿಸ್ ಸೆಕ್ಷನ್ನಿಗೆ ಹಾರಿದೆ. ನಿನ್ನ ಕುರ್ಚಿಗೆ ಬಂದ ನಾನು ಇನ್ನೂ ಟೆಂಪರರಿ. ಕುರ್ಚಿ ಬೆಚ್ಚಗಾಗುವ ಮೊದಲೇ ಈ ಹಾಳು ವೈರಸ್ ಬಂತು.

ಯಾರೋ ಎಲ್ಲಿಂದಲೋ ನಮ್ಮ ಫ್ಯಾಕ್ಟರಿಯ ಹೆಸರು ಹಾಕಿ ಊರೂರಿಗೆ ವೈರಸ್ ಮೇಲ್ ಕಳಿಸುತ್ತಿದ್ದಾರೆ. ಅವು ವಿಳಾಸ ಸಿಗದೆ ಬೌನ್ಸ್ ಆದಾಗ 'ನಿಮ್ಮ ಮೇಲ್ ತಲುಪಲಿಲ್ಲ' ಎಂಬ ವಾಪಸ್ ಪತ್ರ ನಮ್ಮ ಬಾಗಿಲಿಗೆ ಬರುತ್ತದೆ. ನಾವು ಬರೆಯದ ಕಾಗದಗಳೆಲ್ಲ ನಮ್ಮ ಮನೆಗೇ ಹಿಂದಿರುಗುತ್ತಿವೆ. ಮಾರ್ಕೆಟಿಂಗ್ ಮ್ಯಾನೇಜರ್ ಸುಂದರೇಶ್ ಸಾರ್ ಪೆಟ್ಟಿಗೆ ತುಂಬಿ ತುಳುಕಿ, ಒಂದು ಆರ್ಡರ್ ಮೇಲ್ ಹುಡುಕಲು ಅರ್ಧ ದಿನ ಹೋಯಿತು. ನಿನ್ನ ಜಾಗದಲ್ಲಿ ನಿನ್ನ ತಂಗಿಯನ್ನು ಕೂರಿಸಿದ್ದೇ ತಪ್ಪಾಯಿತೇನೋ ಎಂದು ನನಗೆ ಕೇಳುವಂತೆಯೇ ಅಂದರು.

ಒಂದು ಗುರುತು ಕಂಡುಕೊಂಡಿದ್ದೇನೆ. ಈ ವಾಪಸ್ ಪತ್ರಗಳಲ್ಲಿ ಕಳಿಸಿದವರ ಹೆಸರಿನ ಜಾಗ ಖಾಲಿ. ಹೆಸರಿಲ್ಲದೆ ಬಂದವರನ್ನೆಲ್ಲ ಬಾಗಿಲಲ್ಲೇ ತಡೆದರೆ ಹೇಗೆ? ಬೇಗ ಬರಿ. ಅವ್ವ ಕೇಳುತ್ತಾಳೆ, ಅಲ್ಲಿ ರಾಗಿ ಸಿಗುತ್ತದಾ ಅಂತ.

ಮಂಗಳಾ


ಸಿಂಧನೂರು
24 ಆಗಸ್ಟ್ 2003, ಭಾನುವಾರ

ಮಂಗೀ,

ಪರವಾಗಿಲ್ಲ, ಕಣ್ಣು ಚುರುಕಾಗಿದೆ. ವಾಪಸ್ ಪತ್ರಕ್ಕೆ ಹೆಸರು ಹಾಕುವುದಿಲ್ಲ. ಹಾಕಿದರೆ, ಅದೂ ತಲುಪದೆ ಹೋದಾಗ ವಾಪಸ್ಸಿಗೊಂದು ವಾಪಸ್ಸು, ಅದಕ್ಕೊಂದು ವಾಪಸ್ಸು ಎಂದು ಎರಡು ಸರ್ವರ್‌ಗಳು ಜನ್ಮವಿಡೀ ಜಗಳವಾಡಿಕೊಂಡು ಕೂರುತ್ತವೆ. ನೀನು ಹೆಸರಿಲ್ಲದವರಿಗೆಲ್ಲ ಖಡಾಖಂಡಿತವಾಗಿ 'ಇಲ್ಲ' ಅನ್ನುವ ಒಂದು ಸಾಲು ಬರೆದು ಹಾಕು. ಆದರೆ ನೆನಪಿಡು, ಒಂದೇ ವಾರ. ನಾವು ನಿಜವಾಗಿ ಕಳಿಸಿದ ಮೇಲ್ ಬೌನ್ಸ್ ಆದರೂ ಅದು ಇದೇ ವೇಷದಲ್ಲಿ ಬರುತ್ತದೆ. ವೈರಸ್ ಅಡಗಿದ ಕೂಡಲೇ ಆ ಸಾಲು ತೆಗೆದುಬಿಡು.

ನಾನಿರುವ ಅಕ್ಕಿ ಗಿರಣಿ ಊರಾಚೆ ಇದೆ. ಭತ್ತ ಬೇಯಿಸಲು ಹೊಸ ಬಾಯ್ಲರ್ ತಂದಿದ್ದಾರೆ, ಅದರ ನೆತ್ತಿಯ ಮೇಲೆ ನಮ್ಮ ಹೂಟಗಳ್ಳಿ ಫ್ಯಾಕ್ಟರಿಯ ಸೇಫ್ಟಿ ವಾಲ್ವ್. ಆವಿಯ ಒತ್ತಡ ಮಿತಿ ಮೀರಿದರೆ ತಾನೇ ಬಾಯಿ ತೆರೆದು ಹೊರಗೆ ಉಗುಳಬೇಕು, ಅಷ್ಟೇ ಅದರ ಕೆಲಸ. ದಸರಾ ಹಬ್ಬ ಕಳೆದ ಮೇಲೆ ಪೂರ್ತಿ ಹಚ್ಚುತ್ತಾರೆ, ಅಲ್ಲಿಯವರೆಗೆ ಸಣ್ಣ ಬೆಂಕಿ. ಮೇಲ್ ನೋಡಲು ಭಾನುವಾರ ಊರಿಗೆ ಬರುವುದೊಂದೇ ದಾರಿ, ಗಿರಣಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ.

ಇಲ್ಲಿ ಶರಣಪ್ಪ ಎಂಬ ಗುಮಾಸ್ತನಿದ್ದಾನೆ, ಫೋನ್ ಎತ್ತುವವನೂ ಅವನೇ. ದೇವರಂಥ ಮನುಷ್ಯ, ಆದರೆ ಯಾರಿಗೂ ಕೆಟ್ಟ ಮಾತು ಹೇಳಲಾರ. ಪೈಪು ಬಂತೇನಪ್ಪ ಅಂದರೆ "ನಾಳಿಗೆ ಬರ್ತದ್ರಿ ಸರ" ಅನ್ನುತ್ತಾನೆ. ಅವನ ನಾಳೆ ಅಂದರೆ ಇಲ್ಲ ಅಂತ ಅರ್ಥ, ಅದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ರಾಗಿ ಇಲ್ಲ, ಜೋಳದ ರೊಟ್ಟಿ. ಅವ್ವನಿಗೆ ಮಾತ್ರ ರಾಗಿಮುದ್ದೆ ಸಿಗುತ್ತಂತೆ ಅನ್ನು.

ನಿನ್ನ ಅಣ್ಣ
ಸಿದ್ದಲಿಂಗಸ್ವಾಮಿ


ಹೂಟಗಳ್ಳಿ
12 ಸೆಪ್ಟೆಂಬರ್ 2003, ಶುಕ್ರವಾರ

ಅಣ್ಣ,

ಬರೆಯದೆ ತಡವಾಯಿತು, ಬೈಯಬೇಡ. ಗೌರಿ ಹಬ್ಬಕ್ಕೆ ನೀನಿಲ್ಲದೆ ಅವ್ವ ಒಬ್ಬಟ್ಟು ಮಾಡಲೇ ಇಲ್ಲ. ನನ್ನನ್ನು ನೋಡಿ "ನಿನಗ್ಯಾತಕ್ಕೆ, ನೀನು ಇಲ್ಲೇ ಇದ್ದೀಯಲ್ಲ" ಅಂದಳು.

ಸರ್ವರ್ ಈಗ ಶಾಂತ. ನೀನು ಹೇಳಿದ ಹಾಗೇ ಮಾಡಿದೆ, ಸ್ವಲ್ಪ ನಯವಾಗಿ. ಸುಂದರೇಶ್ ಸಾರ್ ಪೆಟ್ಟಿಗೆ ತೆರೆದರೆ ಆರ್ಡರ್ ಬಿಟ್ಟು ಬೇರೇನೂ ಇಲ್ಲ. ಕ್ಯಾಂಟೀನಿನಲ್ಲಿ ಎಲ್ಲರೆದುರು "ಅಣ್ಣನಿಗಿಂತ ತಂಗೀನೇ ವಾಸಿ ಕಣ್ರೀ" ಅಂದರು. ನಿನಗೆ ಹೊಟ್ಟೆ ಉರಿಯಲಿ ಎಂದೇ ಬರೆಯುತ್ತಿದ್ದೇನೆ.

ಆ ಸಾಲು ಬರೆಯುವಾಗ ಯಾಕೋ ಅಜ್ಜಿ ನೆನಪಾದಳು. ನಾವಿನ್ನೂ ಹೂಟಗಳ್ಳಿಯ ಹಳೇ ಮನೆಯಲ್ಲಿದ್ದಾಗ, ಕತ್ತಲಾದ ಮೇಲೆ ದೆವ್ವವೊಂದು ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂದು ಊರೂರಲ್ಲೂ ಸುದ್ದಿ ಹಬ್ಬಿತ್ತಲ್ಲ. ಅಜ್ಜಿ ಸುಣ್ಣದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಸಿದ್ದಳು. ದೆವ್ವ ಬಂದು ಓದಿ ನಾಳೆ ಬರೋಣ ಎಂದು ಹೋಗುತ್ತದೆ, ನಾಳೆ ಬಂದು ಮತ್ತೆ ಓದುತ್ತದೆ. ಕರಿಬಸವಯ್ಯ ಮಾವ ಬಸ್ಸು ತಪ್ಪಿಸಿಕೊಂಡು ಬಂದು ಎಷ್ಟು ಕೂಗಿದರೂ ಯಾರೂ ಕದ ತೆಗೆಯದೆ ಜಗಲಿಯ ಮೇಲೆ ಮಲಗಿದ್ದು ನೆನಪಿದೆಯಾ? ಬೆಳಿಗ್ಗೆ ಅವರು ಬೈದ ಬೈಗುಳಕ್ಕೆ ದೆವ್ವವೇ ಊರು ಬಿಟ್ಟಿರಬೇಕು.

ಬುಧವಾರ ಸುಂದರೇಶ್ ಸಾರ್ ಒಂದು ನೋಟಿಸನ್ನು ಗಿರಾಕಿಗಳಿಗೆಲ್ಲ ಮೇಲ್ ಮಾಡಿದರು. ಏನು ವಿಷಯ ಎಂದು ನನಗೆ ಹೇಳಲಿಲ್ಲ. ಎಲ್ಲರಿಗೂ ತಲುಪಿತಾ ಎಂದು ಇವತ್ತು ಕೇಳಿದರು. ಒಂದೂ ವಾಪಸ್ ಬಂದಿಲ್ಲ ಸಾರ್, ತಲುಪಿದೆ ಎಂದೆ. ಹೌದಾ ಎಂದು ಎರಡು ಸಲ ಕೇಳಿದರು. ಸ್ಪ್ರಿಂಗ್ ಸೆಕ್ಷನ್ನಿನಲ್ಲಿ ಏನೋ ಗುಸುಗುಸು ಇದೆ. ಅದೆಲ್ಲ ನೀನು ಬಂದಾಗ ಹೇಳುತ್ತೇನೆ. ದೂರದಲ್ಲಿರುವವರಿಗೆ ತಲೆಬಿಸಿಯ ಮಾತು ಬರೆಯಬಾರದು ಅನ್ನುತ್ತಾಳೆ ಅವ್ವ. ನೀನೋ ಅರ್ಧ ಕೇಳಿಸಿಕೊಂಡು ಮ್ಯಾನೇಜರ್ ಮೇಲೆ ಜಗಳಕ್ಕೆ ನಿಲ್ಲುವವನು, ನಾನು ಇನ್ನೂ ಟೆಂಪರರಿ.

ಮಂಗಳಾ


ಸಿಂಧನೂರು
14 ಸೆಪ್ಟೆಂಬರ್ 2003, ಭಾನುವಾರ

ಮಂಗೀ,

ತಂಗಿಯೇ ವಾಸಿಯಂತೆ. ಸುಂದರೇಶ ನನಗೂ ಸೇರಿದ ಮೊದಲ ತಿಂಗಳು ಹಾಗೇ ಅಂದಿದ್ದ, ಆಮೇಲೆ ನೋಡು.

ಮಾವ ಜಗಲಿಯಲ್ಲಿ ಮಲಗಿದ್ದು ನೆನಪಿಲ್ಲದೆ ಏನು. ಅವರ ದನಿ ನನಗೆ ಗುರುತು ಸಿಕ್ಕಿತ್ತು, ಅಜ್ಜಿ ನನ್ನ ಬಾಯಿ ಮುಚ್ಚಿ ಹಿಡಿದಿದ್ದಳು. ದಿನಾ ಅದನ್ನೇ ಓದುವ ದೆವ್ವಕ್ಕೆ ಬುದ್ಧಿ ಬೇಡವೇ ಎಂದು ಕೇಳಿ ಏಟು ತಿಂದವನೂ ನಾನೇ.

ಇಲ್ಲಿ ಕೆಲಸ ನಿಧಾನ. ಪಕ್ಕದ ಗಿರಣಿಯಲ್ಲಿ ಬೇರೆ ಕಂಪನಿಯ ವಾಲ್ವ್, ದಿನಕ್ಕೊಮ್ಮೆ ಬುಸ್ಸೆಂದು ಊರೆಲ್ಲ ಎಬ್ಬಿಸುತ್ತದೆ. ನಮ್ಮದು ಗರತಿ, ನಾನು ಬಂದಾಗಿನಿಂದ ಒಂದು ಸಲವೂ ಬಾಯಿ ಬಿಟ್ಟಿಲ್ಲ. ನಮ್ಮ ಊರಿನ ಮಾಲು ನೋಡಿ ಎಂದು ಸಾಹುಕಾರರಿಗೆ ಹೇಳಿದ್ದೇನೆ. ಆದರೆ ಮೊನ್ನೆ ಪ್ರೆಶರ್ ಗೇಜಿನ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಆಗಲೂ ವಾಲ್ವ್ ಸುಮ್ಮನಿತ್ತು. ಮುಳ್ಳು ಸುಳ್ಳೋ ವಾಲ್ವ್ ಸುಳ್ಳೋ ತಿಳಿಯಲಿಲ್ಲ. ನೀನೊಂದು ಕೆಲಸ ಮಾಡು. ಈ ಮಾದರಿಯ ವಾಲ್ವ್ ಬಗ್ಗೆ ಬೇರೆ ಯಾವ ಗಿರಣಿಯಿಂದಾದರೂ ದೂರು ಬಂದಿದೆಯೇ, ಸುಂದರೇಶನಿಗೆ ಹೇಳದೆ ನೋಡಿ ಬರಿ. ಗಾಬರಿಯ ವಿಷಯವೇನಲ್ಲ.

ಸಿದ್ದು


ಹೂಟಗಳ್ಳಿ
26 ಸೆಪ್ಟೆಂಬರ್ 2003, ಶುಕ್ರವಾರ

ಅಣ್ಣ,

ನೀನು ಕೇಳಿದ್ದನ್ನು ನೋಡಿದೆ. ಸರ್ವಿಸ್ ವಿಭಾಗದ ಪೆಟ್ಟಿಗೆಯಲ್ಲಿ ವಾಲ್ವಿನ ಬಗ್ಗೆ ಒಂದೂ ದೂರಿಲ್ಲ. ಆ ನೋಟಿಸಿಗೂ ಯಾರೂ ಏನೂ ಆಕ್ಷೇಪ ಬರೆದಿಲ್ಲವಂತೆ, ಕೆಲವರು 'ಸರಿ' ಎಂದು ಉತ್ತರಿಸಿದ್ದಾರಂತೆ, ಮಿಕ್ಕವರು ಸುಮ್ಮನಿದ್ದಾರಂತೆ. ಸುಂದರೇಶ್ ಸಾರ್ ಗೆಲುವಾಗಿದ್ದಾರೆ.

ಆದರೆ ಅಣ್ಣ, ಈ ಸುಮ್ಮನಿರುವುದೇ ನನಗೆ ಹಿಡಿಸುತ್ತಿಲ್ಲ. ಪರ್ಚೇಸ್ ಸೆಕ್ಷನ್ನಿನ ನಿಶ್ಚಿತಾ ಅವಸರದಲ್ಲಿ ಒಬ್ಬರ ವಿಳಾಸ ತಪ್ಪಾಗಿ ಹೊಡೆದು ಮೇಲ್ ಕಳಿಸಿದ್ದಳು. ವಾರವಾದರೂ ಉತ್ತರವಿಲ್ಲ, ಫೋನ್ ಮಾಡಿದರೆ ಮೇಲೇ ಬಂದಿಲ್ಲ ಅಂದರಂತೆ. ಮೊದಲೆಲ್ಲ ಒಂದಕ್ಷರ ತಪ್ಪಿದರೂ ಕಾಫಿ ಕುಡಿದು ಬರುವಷ್ಟರಲ್ಲಿ ವಾಪಸ್ ಬಂದು ಕೂರುತ್ತಿತ್ತು. ನಿನ್ನೆ ನಾನೇ ಬೇಕೆಂದು ಇಲ್ಲದ ವಿಳಾಸಗಳಿಗೆಲ್ಲ ಮೇಲ್ ಕಳಿಸಿದೆ. ಯಾವುದೂ ಹಿಂದಿರುಗಲಿಲ್ಲ. ಹಾಳು ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಿವಿಗೊಟ್ಟು ಕೂತಂತಾಯಿತು. ಎಲ್ಲಿ ಹುಡುಕಲಿ?

ಸುಂದರೇಶ್ ಸಾರ್‌ಗೆ ಇನ್ನೂ ಹೇಳಿಲ್ಲ. ಎಲ್ಲ ತಲುಪಿದೆ ಎಂದು ನಾನೇ ಹೇಳಿದ್ದೇನೆ, ಈಗ ಗೊತ್ತಿಲ್ಲ ಎಂದು ಹೇಗೆ ಹೇಳಲಿ. ಮುಂದಿನ ತಿಂಗಳು ನನ್ನನ್ನು ಪರ್ಮನೆಂಟ್ ಮಾಡುವ ಮಾತಿದೆ. ಕಾರಣ ಸಿಗಲಿ, ಆಮೇಲೆ ಹೇಳುತ್ತೇನೆ.

ಮಂಗಳಾ


ಸಿಂಧನೂರು
28 ಸೆಪ್ಟೆಂಬರ್ 2003, ಭಾನುವಾರ

ಮಂಗೀ,

ದೂರಿಲ್ಲ ಅಂದೆಯಲ್ಲ, ಅಷ್ಟು ಸಾಕು. ಎಲ್ಲಾ ಗಿರಣಿಯಲ್ಲೂ ವಾಲ್ವ್ ಸರಿಯಿದ್ದು ಇಲ್ಲಿ ಮಾತ್ರ ಕೆಡಲು ಅದಕ್ಕೇನು ದೃಷ್ಟಿ ತಾಗಿದೆಯಾ. ಹಾಗಾದರೆ ಗೇಜೇ ಕೆಟ್ಟಿದೆ. ಒತ್ತಡ ಕಮ್ಮಿಯಿದ್ದರೂ ಹೆಚ್ಚು ತೋರಿಸುತ್ತಿದೆ. ಹೊಸದು ತರಿಸಲು ಶರಣಪ್ಪನಿಗೆ ಹೇಳಿದ್ದೇನೆ. ನಾಳೆ ಬರುತ್ತದಂತೆ.

ನಿನ್ನ ವಿಷಯ. ವೈರಸ್ ಕಾಲದಲ್ಲಿ ಹಾಕಿದ ಆ ಸಾಲು ತೆಗೆದೆ ತಾನೆ? ತೆಗೆದಿದ್ದರೆ, ಸರ್ವರಿನ ಲಾಗ್ ತೆರೆದು 'ತಿರಸ್ಕರಿಸಿದೆ' ಎಂದು ಬರೆದುಕೊಂಡ ಸಾಲುಗಳಿವೆಯೇ ಹುಡುಕು. ಸರ್ವರ್ ಯಾರನ್ನಾದರೂ ಹೊರಗೆ ಹಾಕಿದರೆ ಅಲ್ಲಿ ಬರೆದೇ ಬರೆಯುತ್ತದೆ. ಒಂದೂ ಸಿಗದಿದ್ದರೆ ನಮ್ಮ ಇಂಟರ್‌ನೆಟ್ ಕಂಪನಿಯವರನ್ನು ಹಿಡಿ.

ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಓದಿಕೋ. ಬಲಗೈಗೆ ಆವಿ ಸ್ವಲ್ಪ ತಾಗಿತು. ಒಂದು ಪೈಪಿನ ಜಾಯಿಂಟು ಬಿಟ್ಟಿತ್ತು, ಅಷ್ಟೇ. ಅವ್ವನಿಗೆ ಹೇಳಿದರೆ ಚಾಮುಂಡಿ ಬೆಟ್ಟ ಹತ್ತಿ ಹರಕೆ ಹೊತ್ತುಬಿಡುತ್ತಾಳೆ, ಮಂಡಿ ನೋವಿನವಳು, ಬೇಡ.

ಸಿದ್ದು


ಹೂಟಗಳ್ಳಿ
3 ಅಕ್ಟೋಬರ್ 2003, ಶುಕ್ರವಾರ

ಅಣ್ಣ,

ಕೈ ಹೇಗಿದೆ? ಸ್ವಲ್ಪ ಎಂದರೆ ಎಷ್ಟು? ಜಾಯಿಂಟು ಸುಮ್ಮನೆ ಬಿಡುತ್ತದಾ?

ಲಾಗ್ ಪೂರ್ತಿ ಹುಡುಕಿದೆ. ತಿರಸ್ಕರಿಸಿದ ಸಾಲು ಒಂದೂ ಇಲ್ಲ. ನಮ್ಮ ಸರ್ವರ್ ಯಾರಿಗೂ ಇಲ್ಲ ಅಂದಿಲ್ಲ. ಇಂಟರ್‌ನೆಟ್ ಕಂಪನಿಯವರು ತಮ್ಮ ಕಡೆ ಎಲ್ಲ ಸರಿಯಿದೆ ಅನ್ನುತ್ತಾರೆ. ಎಲ್ಲರ ಬಾಗಿಲೂ ತೆರೆದಿದೆ, ಯಾರೂ ಒಳಗೆ ಬರುತ್ತಿಲ್ಲ.

ಬುಧವಾರ ಸುಂದರೇಶ್ ಸಾರ್ ಅದೇ ನೋಟಿಸನ್ನು ಜ್ಞಾಪನೆ ಎಂದು ಮತ್ತೆ ಕಳಿಸಿದರು. ಇವತ್ತು ಧೈರ್ಯ ಮಾಡಿ ಅವರ ಮುಂದೆ ಹೋಗಿ, ವಾಪಸ್ ಬರುವುದೇ ನಿಂತುಹೋಗಿದೆ ಸಾರ್, ಮುಖ್ಯವಾದವರಿಗೆ ಒಂದು ಫೋನ್ ಮಾಡಿದರೆ ಒಳ್ಳೆಯದು ಎಂದೆ. "ವಾಪಸ್ ಬರದಿದ್ರೆ ಒಳ್ಳೇದೇ ಅಲ್ವೇನಮ್ಮ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಫೋನಿನಲ್ಲಿ ಹೇಳುವ ವಿಷಯವಲ್ಲ ಅದು ಎಂದರು.

ನಾಳೆ ಆಯುಧಪೂಜೆ. ಪದ್ಧತಿ ನಿನಗೆ ಗೊತ್ತಲ್ಲ, ಲೇತಿನಿಂದ ಹಿಡಿದು ಸರ್ವರಿನವರೆಗೆ ಎಲ್ಲ ಆಫ್ ಮಾಡಿ ಒರೆಸಿ ಅರಿಶಿನ ಕುಂಕುಮ ಹಚ್ಚಿದ ಮೇಲೆ ವಿಜಯದಶಮಿ ಕಳೆಯುವವರೆಗೆ ಮುಟ್ಟುವಂತಿಲ್ಲ. ಸರ್ವರ್ ಮಾತ್ರ ಇನ್ನೊಂದು ಗಂಟೆ ಬಿಡಿ ಎಂದು ಕೇಳಿದೆ, ಒಪ್ಪಲಿಲ್ಲ. ಸ್ಪ್ರಿಂಗ್ ಸೆಕ್ಷನ್ನಿನ ಜವರಪ್ಪನವರು ಆಗಲೇ ಕುಂಬಳಕಾಯಿ ತಂದಿಟ್ಟಿದ್ದರು. ಅವರು ನನ್ನನ್ನು ನೋಡಿ, ನಿಮ್ಮಣ್ಣ ಯಾವ ಊರಲ್ಲಿದ್ದಾನೆ ಎಂದು ಕೇಳಿದರು. ಹೇಳಿದೆ. ಕುಂಬಳಕಾಯಿ ಎತ್ತಿಕೊಂಡು ಹೋದರು.

ಅಣ್ಣ, ಹೊಸ ಗೇಜ್ ಬರುವವರೆಗೆ ಪೂರ್ತಿ ಹಚ್ಚಬೇಡವೋ. ಸುಮ್ಮನೆ ಹೇಳುತ್ತಿದ್ದೇನೆ ಅನ್ನಬೇಡ.

ಮಂಗಳಾ


ಸಿಂಧನೂರು
5 ಅಕ್ಟೋಬರ್ 2003, ಭಾನುವಾರ

ಮಂಗೀ,

ಬನ್ನಿ ತಗೊಂಡು ಬಂಗಾರದ ಹಾಗಿರು.

ಇವತ್ತು ಇಲ್ಲಿ ಎಲ್ಲರೂ ಬನ್ನಿ ಎಲೆ ಹಂಚುತ್ತಿದ್ದರು. ಶರಣಪ್ಪ ನನ್ನ ಕೈಗೆ ಎಲೆ ಕೊಡುವಾಗ ನಿನ್ನ ಸಮಸ್ಯೆಗೆ ಉತ್ತರ ಹೊಳೆಯಿತು. ಗೇಜ್ ಎಲ್ಲಪ್ಪ ಎಂದೆ, "ನಾಳಿಗೆ ಬರ್ತದ್ರಿ ಸರ" ಎಂದ. ಆಗ ನೀನು ಬರೆದದ್ದು ನೆನಪಾಯಿತು. 'ನೀನು ಹೇಳಿದ ಹಾಗೇ ಮಾಡಿದೆ, ಸ್ವಲ್ಪ ನಯವಾಗಿ' ಎಂದಿದ್ದೆ ನೀನು. ಕೂಡಲೇ ಅಜ್ಜಿಯ ಕಥೆ ಬರೆದಿದ್ದೆ. ಆ ಸಾಲನ್ನು ನೀನು ತೆಗೆದೇ ಇಲ್ಲ. ಅದರಲ್ಲಿ 'ಇಲ್ಲ' ಎಂದು ಬರೆಯದೆ 'ಆಮೇಲೆ ಬಾ' ಎಂದು ಬರೆದಿದ್ದೀಯ, ಹೌದೋ ಅಲ್ಲವೋ? ನಮ್ಮ ಮನೆಯಲ್ಲಿ ಭಿಕ್ಷೆಗೆ ಬಂದವರಿಗೂ ಇಲ್ಲ ಅನ್ನುವುದಿಲ್ಲ, ಮುಂದೆ ಹೋಗಪ್ಪ ಅನ್ನುತ್ತೇವೆ. ಅವ್ವನ ಮಗಳಲ್ಲವೇ ನೀನು.

ನಿಜವಾದ ವಾಪಸ್ ಪತ್ರ ಇನ್ನೊಂದು ಸಲ ಬಂದೇ ಬರುತ್ತದೆ, ಸುಳ್ಳಿನವು ಬರುವುದಿಲ್ಲ ಎಂದು ಲೆಕ್ಕ ಹಾಕಿರುತ್ತೀಯ. ಉಪಾಯ ಚೆನ್ನಾಗಿದೆ. ಆದರೆ ಇನ್ನೊಂದು ಸಲ ಬಂದಾಗಲೂ ಬಾಗಿಲ ಮೇಲೆ ಅದೇ ಬರಹ ಇರುತ್ತದಲ್ಲ ಮಂಗೀ. ಪಾಪ, ಅವು ದಿನಾ ಬಂದು ಓದಿ ಹೋಗುತ್ತವೆ, ಐದು ದಿನ ಅಲೆದು ಅಲ್ಲೇ ಸಾಯುತ್ತವೆ. ಯಾರನ್ನೂ ಹೊರಗೆ ಹಾಕಿಲ್ಲವಾದ್ದರಿಂದ ಲಾಗಿನಲ್ಲಿ ತಿರಸ್ಕಾರವೂ ಇರುವುದಿಲ್ಲ. ಸರ್ವರ್ ಆನ್ ಮಾಡಿದ ಕೂಡಲೇ ಆ ಸಾಲು ಅಳಿಸು. ಈಗ ಬಾಗಿಲಲ್ಲಿ ನಿಂತಿರುವವು ಒಳಗೆ ಬರುತ್ತವೆ. ಕರಿಬಸವಯ್ಯ ಮಾವನ ಹಾಗೆ ಬೈದುಕೊಂಡು ಬರಬಹುದು.

ಇಲ್ಲಿ ಸಾಹುಕಾರರು ಕಾಯುವುದಿಲ್ಲ ಅನ್ನುತ್ತಾರೆ. ನಾಳೆ ಬೆಳಿಗ್ಗೆ ರಾಹುಕಾಲ ಕಳೆದ ಮೇಲೆ ಹೊಟ್ಟಿನ ಒಲೆ ತುಂಬಿ ಪೂರ್ತಿ ಹಚ್ಚುತ್ತೇವೆ. ಗೇಜ್ ಸುಳ್ಳು ಹೇಳುತ್ತಿದೆ ಎಂದು ಗೊತ್ತಿರುವಾಗ ಮುಳ್ಳು ಎರಡು ಗೆರೆ ಮುಂದೆ ಹೋದರೂ ಹೆದರಬೇಕಿಲ್ಲ. ನಮ್ಮ ವಾಲ್ವ್ ಇದೆಯಲ್ಲ, ಮೇಲೆ ಕೂತು ಕಾಯುತ್ತದೆ. ನಾನೇ ಪಕ್ಕದಲ್ಲಿ ನಿಂತಿರುತ್ತೇನೆ. ಇದು ಮುಗಿದರೆ ಮಂಗಳವಾರ ಬಸ್ಸು ಹತ್ತುತ್ತೇನೆ, ಅವ್ವನಿಗೆ ಒಬ್ಬಟ್ಟಿಗೆ ಬೇಳೆ ಬೇಯಿಸಲು ಹೇಳು.

ಬರುತ್ತೇನೆ.
ಸಿದ್ದು


ಹೂಟಗಳ್ಳಿ
6 ಅಕ್ಟೋಬರ್ 2003, ಸೋಮವಾರ ಬೆಳಿಗ್ಗೆ

ಅಣ್ಣ, ಒಲೆ ಹಚ್ಚಬೇಡ. ಹಚ್ಚಿದ್ದರೆ ಆರಿಸಿ ಆಚೆ ಬಾ.

ಈಗ ತಾನೇ ಸರ್ವರ್ ಆನ್ ಮಾಡಿ ನಿನ್ನ ಪತ್ರ ಓದಿದೆ. ನೀನು ಹೇಳಿದ್ದೆಲ್ಲ ನಿಜ. ಸಾಲು ಅಳಿಸಿದೆ. ಮೊದಲು ನನ್ನ ಸುಳ್ಳು ವಿಳಾಸದವು ಬಂದವು, ಹಬ್ಬದ ಹಿಂದಿನ ದಿನ ಮತ್ತೆ ಕಳಿಸಿ ನೋಡಿದ್ದೆ. ಆಮೇಲೆ ಸುಂದರೇಶ್ ಸಾರ್ ನೋಟಿಸು ಒಂದೊಂದೇ ವಾಪಸ್ ಬರತೊಡಗಿತು. ಬೌನ್ಸ್ ಆದ ಮೇಲ್ ಜೊತೆ ಮೂಲ ಕಾಗದವೂ ಬರುತ್ತದಲ್ಲ, ಓದಿದೆ. ನಿನ್ನ ಗಿರಣಿಯ ಹೆಸರು ಅದರಲ್ಲಿದೆ. ಅವರ ಪೆಟ್ಟಿಗೆ ತುಂಬಿ ಹೋಗಿದೆಯಂತೆ. ಎರಡೂ ಸಲ ಅವರಿಗೆ ತಲುಪಿರಲಾರದು.

ಗೇಜ್ ಸರಿಯಿದೆ ಅಣ್ಣ. ವಾಲ್ವೇ ಸುಳ್ಳು. ಈ ವರ್ಷದ ವಾಲ್ವುಗಳ ಒಳಗಿನ ಸ್ಪ್ರಿಂಗುಗಳು ಗಡುಸಾಗಿವೆ, ಮಿತಿ ಮೀರಿದರೂ ವಾಲ್ವ್ ತೆರೆಯದಿರಬಹುದು, ಬದಲಾಯಿಸುವವರೆಗೆ ಪೂರ್ಣ ಒತ್ತಡಕ್ಕೆ ಹೋಗದಿರಲು ವಿನಂತಿ ಎಂದು ಬರೆದಿದ್ದಾರೆ. ವಿನಂತಿಯಂತೆ. ಸರ್ವಿಸ್‌ನವರಿಗೆ ಹೇಳಿದರೆ ಊರೆಲ್ಲ ಟಾಂಟಾಂ ಆಗುತ್ತದೆ ಎಂದು ಸುಂದರೇಶ್ ಸಾರ್ ಗಿರಣಿ ಸಾಹುಕಾರರಿಗೆ ಮಾತ್ರ ಕಳಿಸಿದ್ದರಂತೆ. ಸ್ಪ್ರಿಂಗ್ ಸೆಕ್ಷನ್ನಿನ ಆ ಗುಸುಗುಸು ಇದೇ ಆಗಿತ್ತು. ನನಗೆ ಅರ್ಧ ಗೊತ್ತಿತ್ತು, ನಿನಗೆ ಬರೆಯಲಿಲ್ಲ.

ನೀನು ಮೇಲ್ ನೋಡುವುದು ಭಾನುವಾರ ಎಂದು ಗೊತ್ತು. ಆದರೂ ಬರೆಯುತ್ತಿದ್ದೇನೆ. ಗಿರಣಿಯ ನಂಬರ್ ನೋಟಿಸಿನಲ್ಲೇ ಇದೆ. ಫೋನ್ ಮಾಡುತ್ತಲೇ ಇದ್ದೇನೆ, ಎಂಗೇಜ್ ಬರುತ್ತಿದೆ.


ಹೂಟಗಳ್ಳಿ
6 ಅಕ್ಟೋಬರ್, ಸಂಜೆ

ಅಣ್ಣ,

ಮಧ್ಯಾಹ್ನದವರೆಗೆ ಎಂಗೇಜ್. ಆಮೇಲೆ ರಿಂಗಾಯಿತು, ಯಾರೂ ಎತ್ತಲಿಲ್ಲ. ಸುಂದರೇಶ್ ಸಾರ್ ನನ್ನ ಪಕ್ಕದಲ್ಲೇ ನಿಂತಿದ್ದರು. "ತಲುಪಿದೆ ಅಂತ ನೀನೇ ತಾನೇ ಹೇಳಿದ್ದು" ಎಂದು ಮೆಲ್ಲಗೆ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾಲ್ಕು ಗಂಟೆಯ ಮೇಲೆ ಒಬ್ಬರು ಫೋನ್ ಎತ್ತಿದರು. ಹಿಂದೆ ತುಂಬಾ ಜನರ ಸದ್ದು. ಸಿದ್ದಲಿಂಗಸ್ವಾಮಿಯವರನ್ನು ಕರೆಯಿರಿ, ನಾನು ಅವರ ತಂಗಿ ಎಂದೆ.

"ನಾಳಿಗೆ ಮಾಡ್ರಿ ಅಕ್ಕಾ" ಅಂದರು.

ನಿಮ್ಮ ಹೆಸರೇನು ಎಂದು ಕೇಳಿದೆ. ಶರಣಪ್ಪ ಎಂದರು. ಫೋನ್ ಇಟ್ಟರು.


ಸಿದ್ಧಾರ್ಥನಗರ
7 ಅಕ್ಟೋಬರ್ 2003, ಮಂಗಳವಾರ

ಅಣ್ಣ,

ರಸ್ತೆ ತುದಿಯ ಸೈಬರ್ ಸೆಂಟರಿನಿಂದ ಬರೆಯುತ್ತಿದ್ದೇನೆ. ಇವತ್ತು ಕೆಲಸಕ್ಕೆ ಹೋಗಿಲ್ಲ. ಕರಿಬಸವಯ್ಯ ಮಾವನೂ ಸುಂದರೇಶ್ ಸಾರೂ ನಸುಕಿನಲ್ಲೇ ಕಾರು ಮಾಡಿಕೊಂಡು ಸಿಂಧನೂರಿಗೆ ಹೊರಟರು. ನಾನೂ ಬರುತ್ತೇನೆ ಎಂದೆ. ಅವ್ವನ ಹತ್ತಿರ ಇರು ಎಂದು ಮಾವ ತಲೆ ಮುಟ್ಟಿದರು.

ನಿನ್ನೆ ನಿನಗೆ ಕಳಿಸಿದ ಎರಡು ಪತ್ರಗಳೂ ಬೌನ್ಸ್ ಆಗಿಲ್ಲ. ಸರ್ವರ್ ಈಗ ಸರಿಯಿದೆ, ತಲುಪದ್ದು ತಕ್ಷಣ ಹಿಂದಿರುಗುತ್ತದೆ. ನಿನ್ನೆ ಮನೆಗೆ ಬರುವ ಮುಂಚೆ ಮತ್ತೆ ಮತ್ತೆ ನೋಡಿದೆ. ಅಂದರೆ ಅವು ನಿನ್ನ ಪೆಟ್ಟಿಗೆಗೆ ಬಂದು ಕೂತಿವೆ. ತಲುಪದೆ ವಾಪಸ್ ಬಂದಿದ್ದರೇ ಎಷ್ಟೋ ವಾಸಿಯಿತ್ತು, ವಿಳಾಸದ್ದೇ ತಪ್ಪು ಎಂದುಕೊಳ್ಳುತ್ತಿದ್ದೆ.

ಬೆಳಿಗ್ಗೆ ಬೂತಿನಿಂದ ಶರಣಪ್ಪನವರಿಗೆ ಮತ್ತೆ ಫೋನ್ ಮಾಡಿದೆ. ನಾಳಿಗೆ ಮಾಡ್ರಿ ಎಂದು ಹೇಳಲು ಹೋಗಿ ಅರ್ಧಕ್ಕೇ ಅತ್ತುಬಿಟ್ಟರು.

ಮನೆಯಲ್ಲಿ ಬೇಳೆ ಬೇಯುವ ವಾಸನೆ. ನೀನು ಮಂಗಳವಾರ ಬಸ್ಸು ಹತ್ತುತ್ತೀಯ ಎಂದು ನಿನ್ನೆ ಬೆಳಿಗ್ಗೆ, ಪತ್ರ ಓದಿದ ಮೊದಲ ಗಳಿಗೆಯಲ್ಲಿ, ನಾನೇ ಅವ್ವನಿಗೆ ಪಕ್ಕದ ಮನೆ ಫೋನಿನಲ್ಲಿ ಹೇಳಿಬಿಟ್ಟಿದ್ದೆ. ನಾನು ಇಲ್ಲಿಗೆ ಹೊರಡುವಾಗ ಅವ್ವ ಒರಳ ಮುಂದೆ ಕೂತು ಹೂರಣ ರುಬ್ಬುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಸಿದ್ದು ಹೊರಟನಂತಾ?"

"ನಾಳೆ ಬರ್ತಾನಂತೆ ಕಣವ್ವ" ಅಂದೆ.